ಅಪ್ಪನ ಜುಹರ್

ನಮಾಜಿನಲ್ಲಿ ನನ್ನ ಮನಸ್ಸು ನಿಲ್ಲುವುದು ಕಡಿಮೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹಣೆ ನೆಲಕ್ಕೆ ತಾಗಿದೊಡನೆ ಗ್ಯಾಸ್ ಬುಕ್ ಮಾಡಿದೆನೋ ಇಲ್ಲವೋ ಎಂಬುದು ನೆನಪಾಗುತ್ತದೆ. ಇಂಥವನು ಸತ್ತವರ ಪರವಾಗಿ ನಮಾಜು ಮಾಡಲು ಹೊರಟೆ ಎಂದರೆ ನೀವು ನಗಬಹುದು. ನಗಿರಿ, ಮೊದಮೊದಲು ನಾನೂ ನಕ್ಕಿದ್ದೆ.

ಅಪ್ಪ ಹುಬ್ಬಳ್ಳಿ-ಧಾರವಾಡದ ನಡುವೆ ಬಸ್ಸು ಓಡಿಸುತ್ತಿದ್ದರು. ಜುಹರ್, ಅಂದರೆ ಮಧ್ಯಾಹ್ನದ ನಮಾಜಿನ ಹೊತ್ತಿಗೆ ಅವರ ಕೈ ಸ್ಟೇರಿಂಗಿನ ಮೇಲೆ, ಕಾಲು ಬ್ರೇಕಿನ ಮೇಲೆ. ತಪ್ಪಿದ ನಮಾಜನ್ನು ಆಮೇಲೆ ಮಾಡಿ ತೀರಿಸಲು ದಾರಿಯಿದೆ. ಅದಕ್ಕೆ ಖಜಾ ಎನ್ನುತ್ತಾರೆ. ‘ರಿಟೈರ್ ಆದಮ್ಯಾಲೆ ಎಲ್ಲಾ ಮಾಡ್ತೇನಿ’ ಎನ್ನುತ್ತಿದ್ದರು. ನಿವೃತ್ತಿಯ ಮರುವರ್ಷವೇ ಆಸ್ಪತ್ರೆಯ ಮಂಚದ ಮೇಲೆ ಅವ್ವನ ಕೈ ಹಿಡಿದು, ‘ಜುಹರ್ ಉಳದಾವಲಾ’ ಎಂದರು. ಅದೇ ಅವರ ಕೊನೆಯ ಮಾತು.

ಅಂದಿನಿಂದ ಅವ್ವನ ನಿದ್ದೆ ಹಾರಿತು. ಪೊರೆ ಬೆಳೆದ ಕಣ್ಣಿಗೆ ಬೆಳಕು ನೆರಳಷ್ಟೇ ಕಾಣುತ್ತದೆ. ತಾಟಿನ ಮುಂದೆ ಕೂತು, ‘ಅಲ್ಲೆ ದೇವರ ಮುಂದ ಅವರನ್ನ ನಮಾಜಿನ ಲೆಕ್ಕ ಕೇಳ್ತಾರ. ಏನ್ ಹೇಳ್ತಾರ ಪಾಪ’ ಎಂದು ಊಟ ಬಿಡುತ್ತಿದ್ದಳು. ಅವಳು ಒಣಗಿಹೋಗುವುದನ್ನು ನೋಡಲಾರದೆ, ‘ಅಪ್ಪಂದು ನಾ ಮಾಡ್ತೇನಿ ಬಿಡಬೇ’ ಎಂದುಬಿಟ್ಟೆ.

ಕೆಲಗೇರಿಯ ನಮ್ಮ ಮನೆಯಲ್ಲಿ ಮಧ್ಯಾಹ್ನ ಕೆರೆಯ ಕಡೆಯ ಗಾಳಿ ಬಿಟ್ಟರೆ ಸದ್ದಿಲ್ಲ. ಶಾಲೆಗೆ ಬೇಸಿಗೆ ರಜೆಯಿತ್ತು. ಪಡಸಾಲೆಯಲ್ಲಿ ಅಗಲದ ಚಾಪೆ ಹಾಸಿ, ನಟ್ಟನಡುವೆ ನಿಂತು, ಇದು ಅಪ್ಪನದು ಎಂದು ಮನಸ್ಸಿನಲ್ಲೇ ಹೇಳಿಕೊಂಡು ಶುರುಮಾಡಿದೆ. ಅವ್ವ ಒಳಕೋಣೆಯ ಬಾಗಿಲಲ್ಲಿ ಕೂತು ಕಿವಿಗೊಡುತ್ತಿದ್ದಳು. ಮೂರನೆಯ ದಿನ ಒಂದು ಸಂಗತಿ ಗಮನಕ್ಕೆ ಬಂತು: ನಡುವೆ ನಿಂತವನು ಮುಗಿಸುವ ಹೊತ್ತಿಗೆ ಚಾಪೆಯ ಎಡಕ್ಕೆ ಸರಿದಿರುತ್ತಿದ್ದೆ. ನಾನು ಗಣಿತದ ಮಾಸ್ತರ. ನೆಲ ಎಡಕ್ಕೆ ಇಳಿಜಾರಾಗಿರಬೇಕೆಂದು ಗೋಲಿ ಇಟ್ಟು ನೋಡಿದೆ. ಗೋಲಿ ಇಟ್ಟಲ್ಲೇ ನಿಂತಿತು. ಆಮೇಲೆ ಹೊಳೆಯಿತು. ಇಬ್ಬರೇ ಸೇರಿ ನಮಾಜಿಗೆ ನಿಂತಾಗ ಮುಂದಾಳು ಎಡಕ್ಕೆ, ಜೊತೆಗಾರ ಅವನ ಬಲಕ್ಕೆ ನಿಲ್ಲುವುದು ಪದ್ಧತಿ. ನಾನು ಯಾರಿಗೋ ಜಾಗ ಬಿಡುತ್ತಿದ್ದೆ. ಆಮೇಲೆ ಯಾವ ನಮಾಜಿನಲ್ಲೂ ಗ್ಯಾಸಿನ ನೆನಪಾಗಲಿಲ್ಲ.

ಎಂಟನೆಯ ದಿನ, ತಡೆಯಲಾರದೆ ಮಸೀದಿಯ ಮೌಲಾನಾರ ಬಳಿ ಹೋದೆ. ಚಾಪೆಯ ಸಂಗತಿ ಹೇಳಲು ನಾಚಿಕೆ. ಬರೀ ಅಪ್ಪನ ನಮಾಜಿನ ವಿಷಯ ಕೇಳಿದೆ. ‘ಮಾಸ್ತರ, ಹೋದವರ ಹೆಸರಿಲೆ ದಾನ ಮಾಡ್ರಿ, ದುವಾ ಮಾಡ್ರಿ, ಹಜ್ ಉಳದಿದ್ರ ಅದನ್ನೂ ಮಾಡಿ ಬರ್ರಿ. ಆದ್ರ ಒಬ್ಬರ ನಮಾಜ ಇನ್ನೊಬ್ಬರು ಮಾಡಾಕ ಬರೂದಿಲ್ಲರಿ’ ಎಂದರು. ಬೇರೆ ಮಾತು ಹೇಳುವ ಪಂಡಿತರೂ ಇದ್ದಾರಂತೆ, ಆದರೆ ಹೆಚ್ಚಿನವರ ಅಭಿಪ್ರಾಯ ಇದೇ. ಯೋಚಿಸಿದರೆ ಸರಿಯೆನಿಸುತ್ತದೆ. ಇನ್ನೊಬ್ಬರ ನಿದ್ದೆಯನ್ನು ನಾವು ಮಾಡಲಾಗುವುದಿಲ್ಲ, ಇನ್ನೊಬ್ಬರ ಹಸಿವಿಗೆ ನಾವು ಉಣ್ಣಲಾಗುವುದಿಲ್ಲ. ನಮಾಜೂ ಆ ಜಾತಿಯದೇ ಇರಬೇಕು. ಹೊರಡುವಾಗ ಅವರು, ‘ಅದಿರ್ಲಿ, ಇವತ್ತಿಂದು ನಿಮ್ಮ ಜುಹರ್ ಆತೇನ್ರಿ?’ ಎಂದರು. ಆಗಿರಲಿಲ್ಲ. ಅಪ್ಪನದರ ಗಡಿಬಿಡಿಯಲ್ಲಿ ಎಂಟೂ ದಿನ ನನ್ನದನ್ನೇ ಮರೆತಿದ್ದೆ.

ಅವ್ವನಿಗೆ ಹೇಗೆ ಹೇಳುವುದು? ಈ ಎಂಟು ದಿನ ಅವಳು ನಿದ್ದೆ ಮಾಡಿದ್ದಳು, ಎರಡನೆಯ ರೊಟ್ಟಿ ಕೇಳಿ ಹಾಕಿಸಿಕೊಂಡಿದ್ದಳು. ಸುಮ್ಮನೆ ಮುಂದುವರಿಸಲೇ ಎಂದೂ ಅನಿಸಿತು. ಆದರೆ ದೇವರ ಮುಂದೆ ನಿಂತು ನಾಟಕವಾಡುವ ಧೈರ್ಯ ನನಗಿಲ್ಲ. ಹೇಳಿಬಿಟ್ಟೆ: ‘ಅಪ್ಪಂದು ನಾ ಮಾಡಿದ್ರ ನಡ್ಯೂದಿಲ್ಲಂತಬೇ. ಅವರದು ಅವರಽ ಮಾಡಬೇಕಂತ.’

ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ‘ಅವರಽ ಮಾಡಾಕತ್ತಾರಲ್ಲೋ. ಎಂಟು ದಿನ ಇಲ್ಲೇ ಕುಂತು ಇಬ್ಬರ ಸಪ್ಪಳ ಕೇಳೇನಿ. ನೀ ಬರೇ ಜೋಡಿ ನಿಂತಿದ್ದಿ’ ಎಂದಳು. ‘ಉಳದದ್ದು ಅವರು ಮಾಡ್ಕೋತಾರ. ನೀ ನಿಂದು ಮಾಡ್ಕೊ’ ಎಂದು ಗೋಡೆಯ ಕಡೆ ಹೊರಳಿ ಮಲಗಿದಳು.

ಈಗ ನಾನು ನನ್ನ ಜುಹರನ್ನಷ್ಟೇ ಮಾಡುತ್ತೇನೆ. ನಮಾಜಿನ ಕೊನೆಗೆ ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ ಮುಖ ಹೊರಳಿಸಿ ಸಲಾಂ ಹೇಳಬೇಕು. ಎಡಗಡೆಯದನ್ನು ಇಂದಿಗೂ ಸರಸರ ಮುಗಿಸುತ್ತೇನೆ. ಬಲಗಡೆಯದನ್ನು ಮಾತ್ರ ಸಾವಕಾಶ, ಕಣ್ಣು ತಗ್ಗಿಸಿ ಹೇಳುತ್ತೇನೆ. ಹಿರಿಯರು ಇನ್ನೂ ಮುಗಿಸಿರಲಿಕ್ಕಿಲ್ಲ.