ಮಸ್ತಾನಸಾಬರ ಚೌಕಳಿ ಅಕ್ಷರ

ಹರಿಹರದ ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ನನ್ನ ಸೈಕಲ್ ಅಂಗಡಿ. ಅದರ ಎದುರಿಗೇ ಬೋರ್ಡು ಬರೆಯುವ ಮಸ್ತಾನಸಾಬರ ಮನೆ. ಪಂಕ್ಚರ್ ಹಾಕುತ್ತ ಕೂತವನಿಗೆ ಎದುರುಮನೆ ನೋಡುವುದು ಬಿಟ್ಟರೆ ಬೇರೇನು ಮನರಂಜನೆ? ಸಾಬರು ಜಗಲಿಯ ಮೇಲೆ ತಗಡು ನಿಲ್ಲಿಸಿಕೊಂಡು ಬ್ರಷ್ ಎಳೆದರೆ ‘ರ’ ಅಕ್ಷರ ಒಂದೇ ಸುತ್ತಿಗೆ ಮುಗಿಯುತ್ತಿತ್ತು. ಇಲ್ಲಿಂದ ಮಲೆಬೆನ್ನೂರಿನ ತನಕ ಎಷ್ಟೋ ಅಂಗಡಿಗಳ ಬೋರ್ಡಿನ ಕೆಳಮೂಲೆಯಲ್ಲಿ ‘ಮಸ್ತಾನ್’ ಎಂಬ ಬಾಲ ಎಳೆದ ಸಣ್ಣ ಸಹಿ ಇರುತ್ತಿತ್ತು. ಆ ಸಹಿಯ ಬಗ್ಗೆ ಅವರಿಗೆ ಜಂಬವೂ ಇತ್ತು. ಇರಲಿ ಬಿಡಿ, ಅಂಥ ಕೈಗೆ ಅಷ್ಟು ಜಂಬ ಹೆಚ್ಚೇನಲ್ಲ.

ಎಂಬತ್ತನಾಲ್ಕನೇ ಇಸವಿಯಲ್ಲಿ ಅವರಿಗೆ ಲಕ್ವ ಹೊಡೆಯಿತು. ಮಾತು ತಿರುಗಿ ಬಂತು, ಕಾಲೂ ಬಂತು, ಬಲಗೈ ನಡುಗುವುದು ಮಾತ್ರ ನಿಲ್ಲಲಿಲ್ಲ. ‘ರ’ ಬರೆಯಹೋದರೆ ಗೆರೆ ದಾರಿ ತಪ್ಪಿ ಎಲ್ಲೆಲ್ಲೋ ಅಲೆಯುತ್ತಿತ್ತು. ಒಂದು ದಿನ ಬ್ರಷ್ಷುಗಳನ್ನೆಲ್ಲ ಡಬ್ಬಿಗೆ ತುಂಬಿಟ್ಟು, ಇನ್ನು ಅಕ್ಷರದ ಋಣ ತೀರಿತು ಅಂದರು.

ಅವರ ಹೆಂಡತಿ ಸುಗ್ರಾಬಿಯಕ್ಕ ಪ್ಲಾಸ್ಟಿಕ್ ವೈರಿನ ಬ್ಯಾಗು ಹೆಣೆಯುತ್ತಿದ್ದರು. ಅಕ್ಕನಿಗೆ ಕನ್ನಡ ಓದಲು ಬಾರದು. ಯಾರಾದರೂ ಬ್ಯಾಗಿನ ಮೇಲೆ ಹೆಸರು ಬೇಕೆಂದರೆ ಸಾಬರು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತಿದ್ದರು. ಅಕ್ಕ ಅದನ್ನು ನೋಡಿಕೊಂಡು ಒಂದೊಂದೇ ಗಂಟು ಹಾಕುತ್ತ ಅಕ್ಷರ ಎಬ್ಬಿಸುತ್ತಿದ್ದರು. ಒಂದು ಗಂಟು ಅಂದರೆ ಒಂದು ಪುಟ್ಟ ಚೌಕ. ದುಂಡಗಿನ ಅಕ್ಷರ ಮೆಟ್ಟಿಲು ಮೆಟ್ಟಿಲಾಗಿ ದಪ್ಪಗೆ ಏಳುತ್ತಿತ್ತು. ಎಷ್ಟೋ ವರ್ಷದಿಂದ ಕಣ್ಣೆದುರೇ ಇದ್ದ ಅಂಥ ಒಂದು ಬ್ಯಾಗನ್ನು ಸಾಬರು ಬ್ರಷ್ಷು ತುಂಬಿಟ್ಟ ದಿನ ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಅಂಗಡಿಗೆ ಬಂದು ಹಳೇ ಟೈರಿನ ತುಂಡು ಕೇಳಿದರು. ಯಾತಕ್ಕಿರಬಹುದೆಂದು ನನಗೆ ಕುತೂಹಲ. ತಡೆಯಲಾರದೆ ನಾನು ಅವರ ಹಿಂದೆಯೇ ಹೋದೆ.

ಟೈರನ್ನು ಚೌಕವಾಗಿ ಕತ್ತರಿಸಿ ಮರದ ತುಂಡಿಗೆ ಮೊಳೆ ಹೊಡೆದು ಮುದ್ರೆ ಮಾಡಿಕೊಂಡರು. ಗಂಡಹೆಂಡತಿ ಆಚೀಚೆ ಕೂತು ಸುಣ್ಣ ಹಚ್ಚಿದ ದಾರ ಬಿಗಿಹಿಡಿದು ಮಿಡಿದು ಗೆರೆ ಎಬ್ಬಿಸಿ ತಗಡಿನ ತುಂಬ ಚೌಕದ ಮನೆ ಹಾಕಿದರು. ಸಾಬರು ಮುದ್ರೆಯನ್ನು ಬಣ್ಣಕ್ಕೆ ಒತ್ತಿ ಒಂದೊಂದೇ ಮನೆ ತುಂಬಿದರು. ಮುದ್ರೆ ತಗಡಿಗೆ ತಾಗಿದ ಮೇಲೆ ಕೈ ನಡುಗಿದರೂ ಚೌಕ ಕದಲುತ್ತಿರಲಿಲ್ಲ. ಆದರೆ ನಮ್ಮ ಕನ್ನಡ ಚೌಕಕ್ಕೆ ಬಗ್ಗುತ್ತದೆಯೇ? ಪಕ್ಕದಲ್ಲಿ ಕೂತ ನನಗೆ ಬರೀ ಕೆಂಪು ಚೌಕ ಕಂಡವೇ ಹೊರತು ಒಂದಕ್ಷರವೂ ಕಾಣಲಿಲ್ಲ. ಪಾಪ, ಹುಚ್ಚು ಹಿಡಿಸಿಕೊಂಡಿದ್ದಾರೆ ಅಂದುಕೊಂಡು ಎದ್ದು ಬಂದೆ.

ದಾವಣಗೆರೆಯ ಉಚ್ಚಂಗೆಪ್ಪ ಎಂಬವರು ನಮ್ಮೂರಲ್ಲಿ ‘ಮಯೂರ ವಿಡಿಯೋ’ ತೆರೆಯುವವರಿದ್ದರು. ಲಕ್ವದ ಸುದ್ದಿ ತಿಳಿಯದೆ ಬೋರ್ಡು ಬರೆಯಲು ಹೇಳಿಕಳಿಸಿದ್ದರು. ಸಾಬರು ಚೌಕ ಒತ್ತಿದ್ದು ಅದೇ ಬೋರ್ಡಿಗೆ. ಅವರು ಬಂದಾಗ ತಗಡು ಜಗಲಿಯ ಮೇಲೆ ಅಂಗಾತ ಮಲಗಿತ್ತು. ನಮ್ಮ ಜನರ ಚಾಳಿ ಗೊತ್ತಲ್ಲ, ಬೋರ್ಡು ನೋಡುವುದೆಂದರೆ ಅದರ ಮೇಲೆ ಮೂಗು ಇಡಬೇಕು. ಉಚ್ಚಂಗೆಪ್ಪನವರೂ ಬಗ್ಗಿ ನೋಡಿದರು.

“ಇದೇನ್ರಿ ಸಾಬ್ರೇ, ಇಟ್ಟಿಗಿ ಜೋಡ್ಸೀರಲ್ಲ? ಅಕ್ಷರ ಎಲ್ಲೈತೆ?”

ಸಾಬರು ಬಲಗೈಯನ್ನು ಟವೆಲ್ಲಿನೊಳಗೆ ಸರಿಸಿಕೊಂಡರು. ಒಳಗೆ ಒಯ್ಯಲೆಂದು ಹೆಂಡತಿಯ ಕೈಯಲ್ಲಿ ತಗಡಿನ ಒಂದು ತುದಿ ಹಿಡಿಸಿ ಎತ್ತಿದರು. ಎತ್ತಿದ್ದೇ ತಡ, ರಸ್ತೆಯ ಈಚೆ ಕೂತಿದ್ದ ನಾನು ಕೈಯಲ್ಲಿದ್ದ ಸ್ಪ್ಯಾನರ್ ಬಿಟ್ಟೆ. ಮಯೂರ ವಿಡಿಯೋ! ದೂರಕ್ಕೆ ಚೌಕಗಳೆಲ್ಲ ಕೂಡಿಕೊಂಡು ಅಕ್ಷರ ದಪ್ಪಗೆ, ಎದೆಯುಬ್ಬಿಸಿಕೊಂಡು ನಿಂತಿತ್ತು. ‘ರ’ದ ಹೊಟ್ಟೆಯೊಳಗಿನ ಚೌಕದ ಕಿಂಡಿಯೂ ಚೆನ್ನಾಗಿ ಕಾಣುತ್ತಿತ್ತು. ಉಚ್ಚಂಗೆಪ್ಪನವರನ್ನು ಕೂಗಿ ಈಚೆ ಕರೆದೆ. ಅವರು ರಸ್ತೆ ದಾಟಿ ಬಂದು ತಿರುಗಿ ನೋಡಿ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಟಿವಿಯೊಳಗಿಂದ ಎದ್ದು ಬಂದಂತಿದೆ ಅಂದರು. ಸಹಿ ಹಾಕಿ ಇಡಿ, ನಾಳೆ ಒಯ್ಯುತ್ತೇನೆ ಎಂದು ಹೇಳಿ ಹೋದರು.

ಆಮೇಲೆ ಈ ಚೌಕಳಿ ಅಕ್ಷರ ಟ್ರ್ಯಾಕ್ಟರ್ ಟ್ರೇಲರ್ ಹತ್ತಿತು, ಕೊಂಡಜ್ಜಿಯ ದಾರಿಯ ಹೋಟೆಲ್ಲಿಗೂ ಹೋಯಿತು. ನಾನು ಹೇಳಬೇಕಾದ್ದು ಉಚ್ಚಂಗೆಪ್ಪನವರು ಬಂದುಹೋದ ಸಂಜೆಯದು. ಅಂಗಡಿ ಮುಚ್ಚಿ ನಾನೂ ಸಾಬರ ಜಗಲಿಯಲ್ಲಿ ಕೂತಿದ್ದೆ.

ಸಹಿಯ ಮೂಲೆಗೆ ಮುದ್ರೆ ಬಹಳ ದೊಡ್ಡದಾಯಿತು. ಸಾಬರು ಬ್ರಷ್ಷಿನಲ್ಲಿ ಪ್ರಯತ್ನಪಟ್ಟರು, ಬಣ್ಣ ಹರಡಿಹೋಯಿತು. ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಮೂಲೆಯಲ್ಲಿ ಸಣ್ಣ ಸಣ್ಣ ಮನೆ ಹಾಕಿಸಿ, ಹೆಂಡತಿಯ ಕೈಗೆ ಬೆಂಕಿಕಡ್ಡಿ ಕೊಟ್ಟರು. ಅಕ್ಕ ಹಿಂಜರಿದರು. ಒಮ್ಮೆಯೂ ಬಾಯಿಬಿಟ್ಟು ಹೇಳದ ಗಂಡನ ಹೆಸರನ್ನು ಕೈಯಾರೆ ಬರೆಯುವುದು ಹೇಗೆಂದು ಅವರ ಸಂಕಟ. “ನಾನು ಹೇಳಿದ ಕಡೆ ಚುಕ್ಕೆ ಇಡು, ಸಾಕು,” ಅಂದರು ಸಾಬರು. ಅವರು ಸಾಲು ಹೇಳಿದರು, ಮನೆ ಹೇಳಿದರು. ಅಕ್ಕ ಕಡ್ಡಿಯ ತುದಿಯಿಂದ ತುಂಬುತ್ತ ಹೋದರು. ನಡುವೆ ಕೈ ನಿಂತಿತು. ಓದಲು ಬಾರದಿದ್ದರೇನು, ಎಷ್ಟೋ ವರ್ಷ ನೋಡಿದ ಆ ಸಹಿಯ ಆಕಾರ ಅವರ ಕಣ್ಣಲ್ಲಿ ಅಚ್ಚೊತ್ತಿತ್ತು.

“ಇದು ನಿಮ್ಮ ಹೆಸರಲ್ರೀ.”

“ಅಲ್ಲ,” ಅಂದರು ಸಾಬರು. “ಸುಗ್ರಾ ಅಂತ ಐತೆ. ‘ಬಿ’ ಒಂದು ಬಾಕಿ.”

ಅಕ್ಕ ನಿಜವೇ ಎಂಬಂತೆ ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಅವರು ಸ್ವಲ್ಪ ಹಿಂದೆ ಸರಿದು ತಾವೇ ಇಟ್ಟ ಚುಕ್ಕೆಗಳನ್ನು ಮೊದಲ ಬಾರಿಗೆ ಕಂಡವರಂತೆ ನೋಡಿದರು. ಆಮೇಲೆ ಕಡ್ಡಿಯನ್ನು ಬಣ್ಣಕ್ಕೆ ಅದ್ದಿ, “ಹೇಳ್ರಿ, ಎಷ್ಟನೇ ಮನಿ?” ಅಂದರು.