ಮುನಿಸಿಕೊಳ್ಳುವ ದೇಶಗಳು

ಗೋಕಾಕದ ನಮ್ಮ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ಒಂದು ಮೂಲೆಯಿದೆ. ಸದ್ಯಕ್ಕೆ ಅದನ್ನು ನೋಡಿದವರು ನಾವು ಕಿರಾಣಿ ಅಂಗಡಿ ತೆರೆಯುವ ಹವಣಿಕೆಯಲ್ಲಿದ್ದೇವೆ ಎಂದುಕೊಂಡರೆ ತಪ್ಪಿಲ್ಲ. ತೆಂಗಿನಕಾಯಿಗಳದೊಂದು ಗುಡ್ಡೆ, ಅದರ ಪಕ್ಕದಲ್ಲಿ ಅರಿಸಿನ ಬೇರು, ಉತ್ತತ್ತಿ ಬೆರೆತ ಅಕ್ಕಿಯ ಗಂಟುಗಳು, ಮೇಲೆ ಬಣ್ಣಬಣ್ಣದ ಕುಪ್ಪಸದ ಕಣಗಳು, ಅವುಗಳ ನಡುವೆ ನನ್ನ ಗಂಡನಿಗೆ ಸಂದ ಬಿಳಿ ಟೋಪಿಗಳು, ಟವೆಲ್ಲುಗಳು. ಅವರು ಜನ್ಮದಲ್ಲಿ ಟೋಪಿ ಹಾಕಿದವರಲ್ಲ. ಮದುವೆಯಾಗಿ ಇನ್ನೂ ಎರಡು ತಿಂಗಳು ತುಂಬಿಲ್ಲ, ಇಷ್ಟೆಲ್ಲ ಆಸ್ತಿ ಮಾಡಿದ್ದೇವೆ ನೋಡಿ!

ನಮ್ಮ ಕಡೆ ಹೊಸದಾಗಿ ಮದುವೆಯಾದವರನ್ನು ಬಂಧುಗಳು ಒಬ್ಬೊಬ್ಬರಾಗಿ ಊಟಕ್ಕೆ ಕರೆಯುತ್ತಾರೆ. ಹೋಳಿಗೆ ಉಣ್ಣಿಸಿ, ಹೆಣ್ಣಿಗೆ ಉಡಿ ತುಂಬಿ, ಗಂಡಿಗೆ ಟೋಪಿ ತೊಡಿಸಿ ಕಳಿಸುತ್ತಾರೆ. ಪ್ರೀತಿಯ ಪದ್ಧತಿ, ಅನುಮಾನವಿಲ್ಲ. ಆದರೆ ಈ ಪ್ರೀತಿಗೆ ಒಂದು ಕಟ್ಟಳೆಯಿದೆ: ಒಂದು ಮನೆಗೆ ಹೋದ ಮೇಲೆ ಇನ್ನೊಂದನ್ನು ಬಿಡುವಂತಿಲ್ಲ. ಮೇಲವಂಕಿಯ ಕಾಕಾನ ಮನೆಯಲ್ಲಿ ಉಂಡು ಕೌಜಲಗಿಯ ಅತ್ತೆಯ ಮನೆಗೆ ಹೋಗದೆ ತಿರುಗಿದಿರೋ, ನೀವು ಮೇಲವಂಕಿಯಲ್ಲಿ ಕೈ ತೊಳೆಯುವುದರೊಳಗೆ ಕೌಜಲಗಿಯಲ್ಲಿ ಮುಖ ಊದಿಕೊಂಡಿರುತ್ತದೆ. ಆ ಮುನಿಸು ಅಂದೇ ಮಾತಾಗುವುದಿಲ್ಲ; ವರ್ಷ ಕಳೆದು ಯಾರೋ ಬಸುರಿಯ ಕುಬಸದ ದಿನ ಊಟದ ಪಂಕ್ತಿಯಲ್ಲಿ, ನಾಲ್ಕು ಜನರೆದುರು ಹೊರಬೀಳುತ್ತದೆ. ನನ್ನ ತವರು ಮೂಡಲಗಿ, ಅವರ ಮನೆ ಹುಕ್ಕೇರಿ, ನಡುವೆ ನನ್ನ ನೌಕರಿಯ ಗೋಕಾಕ. ಹೀಗಾಗಿ ಯಾವ ದಿಕ್ಕಿಗೆ ಬೈಕು ತಿರುಗಿಸಿದರೂ ಒಂದು ಹೋಳಿಗೆ ಕಾದಿರುತ್ತದೆ.

ಇದರ ನಡುವೆಯೇ ನಾವು ವಿದೇಶಕ್ಕೆ ಮಧುಚಂದ್ರಕ್ಕೆ ಹೋಗುವ ಹಂಚಿಕೆ ಹಾಕಿದೆವು. ನಾನು ಆಸ್ಪತ್ರೆಯಲ್ಲಿ ನರ್ಸು. ವಯಸ್ಸು ನಲವತ್ತರ ಹೊಸ್ತಿಲಲ್ಲಿದೆ. ಅವರದು ಹೊಸ್ತಿಲು ದಾಟಿದೆ. ಹುಕ್ಕೇರಿಯಲ್ಲಿ ಪಂಪಿನ ಮೋಟಾರು ರಿಪೇರಿಯ ಅಂಗಡಿ ಅವರದು. ಬೇಸಿಗೆಯಲ್ಲಿ ಊಟಕ್ಕೂ ಬಿಡುವಿಲ್ಲದ ಕಸುಬು. ಇಬ್ಬರೂ ಇಷ್ಟು ವರ್ಷ ದುಡಿದದ್ದು ಸಾಕು, ಒಮ್ಮೆ ಹಾಯಾಗಿ ಇದ್ದು ಬರೋಣ ಎಂದು ಮೊದಲು ಬಾಯಿಬಿಟ್ಟವರು ಅವರೇ. ನನಗೆ ಎಷ್ಟು ಖುಷಿಯಾಯಿತೆಂದರೆ, ಅಂದು ವಾರ್ಡಿನಲ್ಲಿ ಯಾರು ರೇಗಿದರೂ ನಗುತ್ತಲೇ ಇದ್ದೆ.

ಥಾಯ್ಲೆಂಡಿನಿಂದ ಶುರುವಾಯಿತು. ಸಮುದ್ರದ ದಡದ ಒಂದು ಕೋಣೆಯ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದರು. ನಾನು ಆಗಲೇ ಆ ಹಾಸಿಗೆಯ ಮೇಲೆ ಮಲಗಿಬಿಟ್ಟಿದ್ದೆ. ಮರುದಿನ ಅವರ ಹುಬ್ಬು ಗಂಟಿಕ್ಕಿತ್ತು. “ಥಾಯ್ಲೆಂಡಿಗೆ ಹೋಗಿ ಬಾಜೂಕ ಇರೋ ಕಾಂಬೋಡಿಯಾಕ್ಕ ಹೋಗ್ಲಿಲ್ಲಂದ್ರ ಹ್ಯಾಂಗ? ಅಲ್ಲೀತನ ಹೋಗಿ ಹಂಗಽ ಬಂದ್ರ ಚಲೋ ಅನಸೂದಿಲ್ಲ.” ಕಾಂಬೋಡಿಯಾ ಸೇರಿತು. ಕಾಂಬೋಡಿಯಾಕ್ಕೆ ಹೋದ ಮೇಲೆ ವಿಯೆಟ್ನಾಮನ್ನು ಬಿಡುವುದೆಂತು? ಬರುವಾಗ ದಾರಿಯಲ್ಲೇ ಮಲೇಷ್ಯಾ, ಅದರ ಮನೆಬಾಗಿಲಲ್ಲೇ ಸಿಂಗಾಪುರ. ಒಂದೊಂದು ದೇಶವೂ ಕೌಜಲಗಿಯ ಅತ್ತೆಯ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಮ್ಮ ದಾರಿ ಕಾಯುತ್ತಿದೆಯೆಂದು ಅವರು ನಂಬಿದ್ದಂತಿತ್ತು. ಬೆಳಗಿನ ನಾಷ್ಟಾ ಒಂದು ದೇಶದಲ್ಲಿ, ಸಂಜೆಯ ಚಹಾ ಇನ್ನೊಂದರಲ್ಲಿ. ಮಧುಚಂದ್ರವೆಂಬ ಪದದಲ್ಲಿ ಜೇನೂ ಇದೆ, ಚಂದ್ರನೂ ಇದ್ದಾನೆ; ನಿದ್ದೆಗೆ ಮಾತ್ರ ಅದರಲ್ಲಿ ಜಾಗವಿಲ್ಲವೆಂದು ನನಗೆ ಆಗ ಹೊಳೆಯಿತು.

ನೀವು ಕೇಳಬಹುದು, ಬೇಡವೆನ್ನಲು ನಿನಗೇನಾಗಿತ್ತು ಎಂದು. ದಿನವಿಡೀ ಬೇರೆಯವರಿಗೆ ಏನು ಬೇಕೆಂದು ಕೇಳುವ ಕೆಲಸ ನನ್ನದು. ವಿಶ್ರಾಂತಿ ತೆಗೆದುಕೊಳ್ಳಿ ಎಂದು ಮನೆಗೆ ಹೊರಟ ರೋಗಿಗಳಿಗೆಲ್ಲ ಹೇಳುತ್ತೇನೆ. ಅದು ನನಗೂ ಬೇಕೆಂದು ಹೇಳುವ ರೂಢಿ ತಪ್ಪಿಹೋಗಿದೆ. ನನಗೆ ಬೇಕಾದದ್ದು ಬಹಳವೇನಲ್ಲ: ಯಾರೂ ಎಬ್ಬಿಸದ ಕೆಲವು ದಿನಗಳು, ಪಕ್ಕದಲ್ಲಿ ಈ ಮನುಷ್ಯ. ಅಷ್ಟು ಹುರುಪಿನಿಂದ ದೇಶ ಜೋಡಿಸುತ್ತಿರುವವರ ಮುಂದೆ ನನಗೆ ನಿದ್ದೆ ಬೇಕು ಎಂದರೆ, ತಮ್ಮ ಜೊತೆ ಬರಲು ಇವಳಿಗೆ ಮನಸ್ಸಿಲ್ಲವೆಂದು ತಿಳಿದಾರು ಎಂಬ ಅಳುಕು. ಪರಿಚಯವಾಗಿ ಎಷ್ಟು ದಿನವಾಗಿದೆ ಹೇಳಿ! ಹೂಂ ಹೂಂ ಎನ್ನುತ್ತಲೇ ಹೋದೆ. ಬರುವ ಸೋಮವಾರ ಟಿಕೇಟು ತೆಗೆಸುವುದೆಂದು ನಿಕ್ಕಿಯಾಯಿತು.

ಅದರ ಹಿಂದಿನ ದಿನ ಹತ್ತರಗಿಯಲ್ಲಿ ಎರಡು ಮನೆಗಳ ಊಟವಿತ್ತು. ಮೊದಲನೆಯದು ಅವರ ದೊಡ್ಡವ್ವನದು, ಕುರಿ ಸಾಕಿದ ಮನೆ. ಎರಡನೆಯದು ಹೆದ್ದಾರಿಯ ಆಚೆಗಿರುವ ಅವರ ಅಕ್ಕನದು. ನಾನು ರಾತ್ರಿಪಾಳಿ ಮುಗಿಸಿ, ಸೀರೆ ಬದಲಿಸಿ, ನೇರ ಬೈಕು ಹತ್ತಿದ್ದೆ. ದೊಡ್ಡವ್ವ ಬೇಡಬೇಡವೆಂದರೂ ಹೋಳಿಗೆಯ ಮೇಲೆ ತುಪ್ಪ ಸುರಿದಳು. ಉಡಿ ತುಂಬಲು ಅವಳು ಅಕ್ಕಿ ತರಹೋದಾಗ ನಾನು ಗೋಡೆಗೆ ಒರಗಿದ್ದು ನೆನಪಿದೆ. ಆಮೇಲಿನದು ನೆನಪಿಲ್ಲ.

ಕಣ್ಣು ಬಿಟ್ಟಾಗ ಬಿಸಿಲು ಇಳಿದಿತ್ತು. ಮೈಮೇಲೆ ಕಂಬಳಿ, ತಲೆಯ ಕೆಳಗೆ ಮಡಚಿದ ಹೊಸ ಟವೆಲ್ಲು. ಹೊಸ ಸೊಸೆ ಉಂಡ ಮನೆಯಲ್ಲೇ ಗೊರಕೆ ಹೊಡೆದಳೆಂಬ ಸುದ್ದಿ ಇಷ್ಟರಲ್ಲಿ ಮೂಡಲಗಿಗೂ ಮುಟ್ಟಿರಬೇಕು! ಗಡಬಡಿಸಿ ಏಳಹೋದರೆ ದೊಡ್ಡವ್ವ ಭುಜ ಹಿಡಿದು ಕೂರಿಸಿದಳು. “ಏಳಬ್ಯಾಡವಾ. ಕುರಿ ಸುದ್ದಾ ನೆರಳಿಗೆ ನಿಂತು ಮೆಲಕ ಹಾಕತಾವ. ನೀವಿಬ್ರೂ ಹುಲ್ಲು ಕಂಡಲ್ಲೆಲ್ಲ ಬಾಯಿ ಹಾಕ್ಕೋತ ಓಡಾಕತ್ತೀರಲ್ಲ, ಮೈಗೆ ಹತ್ತತೈತೇನು ಅದು?” ಅಕ್ಕನ ಮನೆಯ ಊಟ ಎಂದು ನಾನು ತೊದಲಿದೆ. “ಕರ್ಯಾಕ ಬಂದಿದ್ಳು. ಎಬ್ಬಿಸಬ್ಯಾಡ ಅಂತ ನಿನ್ನ ಗಂಡನಽ ಬಾಗಲದಾಗ ಅಡ್ಡ ನಿಂತು ಕಳಿಸ್ಯಾನ. ಆಕಿ ಸಿಟ್ಟಾದ್ರ ಆಗ್ಲಿ, ನಾ ನೋಡ್ಕೋತೇನಿ,” ಎಂದಳು.

ತಿರುಗಿ ಬರುವಾಗ ಬೈಕಿನ ಮೇಲೆ ನನಗೆ ಅದೇ ಚಿಂತೆ. ಅಕ್ಕನನ್ನು ಬಾಗಿಲಿನಿಂದ ತಿರುಗಿಸಿ ಕಳಿಸುವುದು ನಮ್ಮಲ್ಲಿ ಸಣ್ಣ ಮಾತಲ್ಲ. ಅದು ನನ್ನಿಂದಾಯಿತಲ್ಲ ಎಂದು ನನ್ನ ಜೀವ ಮುದುಡಿತು. ಗೋಕಾಕ ಹತ್ತಿರ ಬಂದಾಗ ಒಂದು ಚಹಾದಂಗಡಿಯ ಮುಂದೆ ನಿಲ್ಲಿಸಿದರು. ಗ್ಲಾಸು ಕೈಗೆ ಕೊಡುತ್ತಾ, “ನಾಳೆ ಟಿಕೇಟು ತಗಸೂದೈತಿ,” ಎಂದರು. ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎನ್ನಿಸಿತು.

“ರೀ, ನನಗ ಅಷ್ಟೆಲ್ಲ ದೇಶ ಬ್ಯಾಡ್ರಿ. ಮೊದಲ ತೋರಿಸಿದ್ರಲ್ಲ, ಸಮುದ್ರದ ಬಾಜೂ ಖೋಲಿ, ಅದೊಂದಽ ಸಾಕು. ನನಗ ನಿದ್ದಿ ಬೇಕಾಗೈತಿ. ನೀವು ಬಾಜೂಕ ಇರಬೇಕು, ಅಷ್ಟಽ. ಉಳಿದ ದೇಶ ಸಿಟ್ಟಾದ್ರ ನಾ ನೋಡ್ಕೋತೇನಿ.” ನಗಿಸಲೆಂದು ಹೇಳಿದ ಕೊನೆಯ ಮಾತಿಗೆ ನನಗೇ ಅಳು ಬಂತು.

ಅವರು ರಸ್ತೆ ನೋಡುತ್ತಾ ನಿಂತರು. ಕಬ್ಬಿನ ಟ್ರ್ಯಾಕ್ಟರೊಂದು ಹಾದುಹೋಯಿತು. “ಖರೆ ಹೇಳ್ಲಿ? ನನಗೂ ಬೇಕಿದ್ದಿಲ್ಲ. ಖಾಲಿ ಕುಂತ್ರ ನಿನ್ನ ಕೂಡ ಏನ್ ಮಾತಾಡೂದು ಅಂತ ಅಂಜಿಕಿ ಇತ್ತು. ದಿನಾ ಒಂದು ಊರು ಬದಲಾದ್ರ ಅದನ್ನ ನೋಡು, ಇದನ್ನ ನೋಡು ಅಂತ ಹೊತ್ತು ಹೋಗತೈತಲ್ಲ ಅಂತ ಒಂದಕ್ಕೊಂದು ಹಚ್ಕೋತ ಹ್ವಾದೆ.”

ಅಯ್ಯೋ ದೇವರೇ, ಈ ಮನುಷ್ಯ ಅಂಜಿದ್ದು ಕಾಂಬೋಡಿಯಾದ ಮುನಿಸಿಗಲ್ಲ, ನಮ್ಮಿಬ್ಬರ ನಡುವಿನ ಮೌನಕ್ಕೆ! ಇಬ್ಬರು ಅಂಜುಬುರುಕರು ಸೇರಿ ಅರ್ಧ ಏಷ್ಯಾ ಸುತ್ತಿ ಬರಲಿದ್ದೆವು. ಅವರ ಮೇಲೆ ಆ ಕ್ಷಣ ಹುಟ್ಟಿದ ಮಮತೆ, ಮದುವೆಯ ದಿನ ಅಕ್ಷತೆ ಬಿದ್ದಾಗಲೂ ಹುಟ್ಟಿರಲಿಲ್ಲ.

“ಇವತ್ತ ನಾ ಮಲಗಿದಾಗ ನೀವು ಏನ್ ಮಾಡಿದ್ರಿ?” ಎಂದು ಕೇಳಿದೆ.

“ಏನಿಲ್ಲ. ಬಾಜೂಕ ಕುಂತಿದ್ದೆ.”

“ಮಧ್ಯಾಹ್ನ ಪೂರಾ?”

“ಹೂಂ.”

“ಬ್ಯಾಸರಾಗ್ಲಿಲ್ಲೇನ್ರಿ?”

ಅವರು ತುಟಿಗೆ ಒಯ್ದ ಗ್ಲಾಸನ್ನು ಹಾಗೇ ಕೆಳಗಿಳಿಸಿದರು.

“ಇಲ್ಲ,” ಎಂದರು, ಆ ಸುದ್ದಿ ತಮಗೂ ಈಗಷ್ಟೇ ತಿಳಿದವರಂತೆ.