ಕಾರ್ಡಿನ ಬಾಕಿ ಮತ್ತು ಸೊರಬದ ಬೀಗರು

ಶಿಕಾರಿಪುರದಲ್ಲಿ ನಮ್ಮ ಪಾತ್ರೆ ಅಂಗಡಿ ಇದ್ದಷ್ಟು ಕಾಲವೂ ಉದ್ರಿಗೆ ಒಂದೇ ನಿಯಮವಿತ್ತು: ವರ್ಷವಿಡೀ ಒಯ್ದದ್ದಕ್ಕೆ ದೀಪಾವಳಿಯ ಲಕ್ಷ್ಮೀಪೂಜೆಯೊಳಗೆ ಚುಕ್ತಾ. ಅದಕ್ಕೆ ಮೊದಲು ಕೇಳುವುದು ಅಂಗಡಿಯವನಿಗೆ ಶೋಭೆಯಲ್ಲ. ಗಿರಾಕಿ ತಾನಾಗಿಯೇ ಮೊದಲು ತಂದುಕೊಟ್ಟರೆ, ಏನೋ ಮುನಿಸಿಕೊಂಡಿದ್ದಾನೆಂದು ಅರ್ಥ.

ತೊಂಬತ್ತರ ದಶಕದ ಕೊನೆಯಲ್ಲಿ ಬ್ಯಾಂಕೊಂದರವರು ನನಗೆ ಕ್ರೆಡಿಟ್ ಕಾರ್ಡ್ ಕೊಟ್ಟು, ಇದೂ ಉದ್ರಿಯೇ ಎಂದರು. ಉದ್ರಿ ಎಂದ ಮೇಲೆ ಅವಧಿಯನ್ನು ವಿಚಾರಿಸುವ ಅಗತ್ಯ ನನಗೆ ಕಾಣಲಿಲ್ಲ. ಮಗಳ ಮದುವೆ ಸೊರಬದಲ್ಲಿ ಗೊತ್ತಾದ ಆ ಬೇಸಿಗೆ, ದಾವಣಗೆರೆಯ ಜವಳಿ ಅಂಗಡಿಯಲ್ಲಿ ಹನ್ನೊಂದು ಸೀರೆಗಳಿಗೆ ಆ ಕಾರ್ಡನ್ನೇ ಕೊಟ್ಟೆ. ಅಂಗಡಿಯವನು ಅದರ ಮೇಲೆ ಕಾರ್ಬನ್ ಚೀಟಿ ಇಟ್ಟು ಯಂತ್ರದಲ್ಲಿ ಗರಕ್ಕನೆ ಉಜ್ಜಿದ.

ಬ್ಯಾಂಕಿನ ಮೊದಲ ಪತ್ರ ಇಪ್ಪತ್ತು ದಿನದೊಳಗೆ ಕಟ್ಟಿರೆಂದಿತು. ಕ್ಷೇಮ ವಿಚಾರಿಸುವ ಒಂದು ಸಾಲೂ ಇರಲಿಲ್ಲ. ನಮ್ಮದು ದೀಪಾವಳಿಯ ಲೆಕ್ಕವೆಂದು ಎರಡು ಪುಟ ಉತ್ತರ ಬರೆದೆ. ಎರಡನೆಯ ಪತ್ರದಲ್ಲಿ ಬಡ್ಡಿ ಸೇರಿತ್ತು, ನನ್ನ ಉತ್ತರದ ಪ್ರಸ್ತಾಪವೇ ಇರಲಿಲ್ಲ. ಮೂರನೆಯದು ನನ್ನನ್ನು ಸುಸ್ತಿದಾರನೆಂದು ಕರೆಯಿತು. ಎಲ್ಲಕ್ಕಿಂತ ಹೀನವಾದದ್ದು ನಾಲ್ಕನೆಯದು. ನಲವತ್ತೈದು ದಿನದೊಳಗೆ ಕಟ್ಟಿದರೆ ಮೂರರಲ್ಲೊಂದು ಪಾಲು ಬಿಟ್ಟು ಖಾತೆ ಮುಗಿಸುತ್ತಾರಂತೆ. ನಮ್ಮ ಪೇಟೆಯಲ್ಲಿ ಸಾಲ ಬಿಡಿಸಿಕೊಳ್ಳುವವನು ದಿವಾಳಿಯೆದ್ದವನು ಮಾತ್ರ. ಸೊರಬದ ಬೀಗರೂ ವ್ಯಾಪಾರಸ್ಥರೇ. ಈ ಪತ್ರದ ಸುದ್ದಿ ಅವರಿಗೆ ಮುಟ್ಟಿದರೆ ಮಗಳ ಸಂಬಂಧ ಅಲ್ಲಿಗೇ ಮುರಿಯುತ್ತದೆಂದು ನಾನು ನಿದ್ದೆ ಬಿಟ್ಟೆ.

ಲಗ್ನಪತ್ರಿಕೆ ಬರೆಸಲು ಬೀಗರು ಬಂದು ಕುಳಿತ ದಿನವೇ ಬ್ಯಾಂಕಿನ ವಸೂಲಿಯವನೂ ಬಂದ. ಚಪ್ಪಲಿ ಬಿಡದೆ ಪಡಸಾಲೆಗೆ ಕಾಲಿಟ್ಟ. ಅದನ್ನೂ ನಾನು ಮರೆತಿಲ್ಲ.

"ಸರ್, ನಲವತ್ತೈದು ದಿನದಾಗೆ ಇನ್ನು ಆರೇ ಉಳಿದಿರೋದು. ಸೆಟಲ್‌ಮೆಂಟ್ ಮಾಡ್ಕಂಬಿಡ್ರಿ," ಎಂದು ಪತ್ರದ ಪ್ರತಿಯನ್ನು ಮುಂದೆ ಹಿಡಿದ.

"ಮನೇಲಿ ಶುಭಕಾರ್ಯ ಐತ್ರೀ. ಆಮೇಲೆ ಬರ್ರಿ," ಎಂದೆ.

ಬೀಗರು ವೀಳ್ಯದೆಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ಪತ್ರಕ್ಕೆ ಕೈಚಾಚಿದರು. ಕೊನೆಯ ಸಾಲಿನವರೆಗೂ ಓದಿದರು.

"ಇದೇ ಬ್ಯಾಂಕು ಮಾರಾಯ್ರೆ, ನಂಗೂ ಹಿಂಗೇ ಬರೆದಿತ್ತು. ನಾನು ಅರ್ಧ ಬಿಡಿಸ್ಕಂಡೆ. ನೀವು ಇಷ್ಟಕ್ಕೆಲ್ಲ ಒಪ್ಕಬೇಡಿ. ಇನ್ನೊಂದು ತಿಂಗಳು ಸತಾಯಿಸಿ," ಎಂದರು.

ನನಗೆ ದೊರೆತ ಸಮಾಧಾನ ಒಂದು ನಿಮಿಷವೂ ಉಳಿಯಲಿಲ್ಲ. ಸಾಲದಲ್ಲಿ ಅರ್ಧ ಬಿಡಿಸಿಕೊಂಡು, ಅದನ್ನು ಎಲೆ ಮಡಚುತ್ತ ಹೇಳಿಕೊಳ್ಳುವ ಮನೆಗೆ ಮಗಳನ್ನು ಕೊಡುವುದೆ? ಅಡುಗೆಮನೆಗೆ ಹೋಗಿ, ಈ ಸಂಬಂಧ ಬೇಡವೆಂದು ಹೆಂಡತಿಗೆ ಹೇಳಿದೆ.

"ಅವ್ರು ಬ್ಯಾಡ ಅಂದ್ಬಿಡ್ತಾರೆ ಅಂತ ತಿಂಗಳಿಂದ ನಿದ್ದೆಗೆಟ್ರಿ. ಈಗ ನೀವೇ ಬ್ಯಾಡ ಅಂತೀರೇನು? ಬಿಡಿಸ್ಕಂಡಿದ್ದು ಅಪ್ಪ, ಹುಡುಗ ಅಲ್ಲ. ಹೋಗ್ರಿ, ಪಾಯಸ ಆರ್ತೈತಿ," ಎಂದಳು.

ನಾನು ಬೀರುವಿನಿಂದ ಮದುವೆಯ ಹಣ ತೆಗೆದು, ಅಸಲು, ಬಡ್ಡಿ, ದಂಡ ಎಲ್ಲವನ್ನೂ ಬೀಗರಿಗೆ ಕಾಣುವಂತೆ ಎಣಿಸಿದೆ.

"ಸರ್, ಇಷ್ಟು ಬ್ಯಾಡ, ನಾವೇ ಬಿಟ್ಟೀವಲ್ಲ," ಎಂದು ವಸೂಲಿಯವನು ಗಾಬರಿಯಾದ.

"ನೀವು ಬಿಡೋಕೆ ನಾನೇನು ದಿವಾಳಿ ಎದ್ದಿಲ್ರೀ. ರಶೀದಿ ಬರೀರಿ."

ಬೀಗರು ತಾಂಬೂಲ ಜಗಿಯುವುದನ್ನೂ ಮರೆತು ನೋಡುತ್ತಿದ್ದರು. ರಶೀದಿ ಕೈಗೆ ಬಂದ ಮೇಲೆಯೇ ಲಗ್ನಪತ್ರಿಕೆಗೆ ಅರಿಶಿನ ಹಚ್ಚಲು ನಾನು ಒಪ್ಪಿದೆ.

ನನ್ನ ನಡತೆಯಿಂದ ಅವರು ಪಾಠ ಕಲಿತರೆಂದು ಭಾವಿಸಿದ್ದೆ. ಮದುವೆಯ ದಿನ ಸೊರಬದಲ್ಲಿ ಅವರು ನನ್ನ ಭುಜದ ಮೇಲೆ ಕೈಯಿಟ್ಟು ತಮ್ಮ ನೆಂಟರಿಗೆಲ್ಲ ಪರಿಚಯಿಸಿದರು:

"ಇವ್ರೇ ನಮ್ಮ ಬೀಗರು. ಪಾಪ, ಚೌಕಾಸಿ ಗೊತ್ತಿಲ್ಲ."